ಮಯಾಮಿ ಜನರನ್ನು ಊರು ಬಿಡಿಸುವ ಮುಂಚೆ ಸಾಲದ ಲೆಕ್ಕ ಯಾಕೆ?

ಪ್ರಶ್ನೆ (ಪಾವಗಡ):
ಎಂ.ಎ. ಸೆಮಿನಾರ್‌ಗೆ ಓದುತ್ತಿದ್ದೇನೆ. ಅಮೆರಿಕದ ಇಂಡಿಯಾನಾದಲ್ಲಿದ್ದ ಮೂಲನಿವಾಸಿ ಬುಡಕಟ್ಟು ಮಯಾಮಿ ಜನ, ಅಮೆರಿಕ ಸರ್ಕಾರದ ಜೊತೆಗಿನ 1840ರ ಒಪ್ಪಂದದಲ್ಲಿ ಉಳಿದಿದ್ದ ದೊಡ್ಡ ನೆಲವನ್ನು 5,50,000 ಡಾಲರ್‌ಗೆ ಬಿಟ್ಟುಕೊಟ್ಟರು. ಐದು ವರ್ಷದೊಳಗೆ ಪಶ್ಚಿಮಕ್ಕೆ ಹೋಗಬೇಕಿತ್ತು. ಆದರೆ ಆ ಕಾಗದದಲ್ಲಿ ವ್ಯಾಪಾರಿಗಳ ಸಾಲದ ಮಾತು ಯಾಕೆ ಬಂತು? ಯಾರಾದರೂ ಬಿಡಿಸಿ ಹೇಳುತ್ತೀರಾ?

ಉತ್ತರ (ಮಧುಗಿರಿ):
ಸಾಲ ಇಲ್ಲದಿದ್ದರೆ ಆ ಒಪ್ಪಂದ ಅಷ್ಟು ಸಲೀಸಾಗಿ ಆಗುತ್ತಿರಲಿಲ್ಲಮ್ಮಾ. ನಾನು ಸಹಕಾರ ಸಂಘದಲ್ಲಿ ಸಾಲದ ಲೆಡ್ಜರ್ ಬರೆದವನು. ಇದನ್ನು ಓದಿದಾಗ ಹೊಟ್ಟೆ ಉರಿಯಿತು. ಬಟ್ಟೆ, ಮದ್ದುಗುಂಡು, ಸಾರಾಯಿ ಎಲ್ಲ ಉದ್ರಿ. ಪುಸ್ತಕ ವ್ಯಾಪಾರಿಯ ಕೈಯಲ್ಲಿ, ಬೆಲೆಯೂ ಅವನದೇ. ಒಬ್ಬ ಕೊಂಡದ್ದು ಕೊನೆಗೆ ಇಡೀ ಬುಡಕಟ್ಟಿನ ಬಾಕಿ ಆಗುತ್ತಿತ್ತು. ಫೋರ್ಟ್ ವೇನ್‌ನ ಯೂಯಿಂಗ್ ಅಣ್ಣತಮ್ಮಂದಿರಂಥ ವ್ಯಾಪಾರಿಗಳು ಒಪ್ಪಂದದ ದುಡ್ಡಿನ ಮೇಲೆಯೇ ಕಣ್ಣಿಟ್ಟಿದ್ದರು.

ಅದಕ್ಕೂ ಹಿಂದಿನ 1838ರ ಒಪ್ಪಂದ ನೋಡಿ. 3,35,680 ಡಾಲರ್‌ನಲ್ಲಿ 1,50,000 ಬರೀ ಸಾಲಕ್ಕೆ! ನಮ್ಮ ಕಡೆ ಹಿಂದೆ ಸಾಹುಕಾರ ಕಣದಲ್ಲೇ ನಿಂತು ರಾಗಿ ಅಳೆಸಿಕೊಂಡು ಹೋಗುತ್ತಿದ್ದ, ರಾಶಿ ಮನೆ ಸೇರುವ ಮುಂಚೆಯೇ. ಹಾಗೆಯೇ ಇದು. ಜನ ಮಿಸಿಸಿಪ್ಪಿ ನದಿ ದಾಟಿ ಪಶ್ಚಿಮಕ್ಕೆ ಹೋದರೆ ವಸೂಲಿ ಕಷ್ಟ, ಅಲ್ವಾ? ಅದಕ್ಕೇ ಅವಸರ. ಸಾಲ ಸರಿಯೋ ತಪ್ಪೋ ಅಂತ ವಿಚಾರಿಸಲು ಕಮಿಷನರ್ ಒಬ್ಬರನ್ನು ನೇಮಿಸುವ ಮಾತೂ ಅದರಲ್ಲಿದೆ. ಆದರೆ ಲೆಕ್ಕ ಬರೆದವನೇ ಸಾಕ್ಷಿ ಆದರೆ, ಓದಲು ಬಾರದ ಬಡವ ಏನು ತಾನೇ ವಾದಿಸುತ್ತಾನೆ?

ಉತ್ತರ (ಕೋಲಾರ):
ಅಣ್ಣ ಹೇಳಿದ್ದು ಸರಿ. ಸಾಗಿಸಿದ್ದು 1846ರ ಅಕ್ಟೋಬರ್ 6ರಂದು, ಇಂಡಿಯಾನಾದ ಪೆರು ಎಂಬ ಊರಿನಿಂದ. ಸೈನಿಕರ ಕಾವಲಿನಲ್ಲಿ ಮುನ್ನೂರಕ್ಕೂ ಜಾಸ್ತಿ ಜನರನ್ನು ಕಾಲುವೆ ದೋಣಿಗಳಲ್ಲಿ ಕೂರಿಸಿದರು. ಸಿನ್ಸಿನಾಟಿಯಿಂದ ಮುಂದೆ ಉಗಿಹಡಗು. ಕಾನ್ಸಾಸ್ ಮುಟ್ಟಿದ್ದು ನವೆಂಬರ್‌ನಲ್ಲಿ. ಜೊತೆಗೆ ಹೋಗಿದ್ದ ಮುಖಂಡ ಲಾ ಫಾಂಟೇನ್ ವಾಪಸ್ ಬರುವಾಗ 1847ರಲ್ಲಿ ತೀರಿಕೊಂಡರು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಎಲ್ಲರೂ ಹೋಗಲೇಬೇಕಾಯಿತಾ?

ಉತ್ತರ (ಮಧುಗಿರಿ):
ಇಲ್ಲಮ್ಮಾ. ಮುಖಂಡರ ಕೆಲವು ಮನೆತನಗಳಿಗೆ, ರಿಚರ್ಡ್‌ವಿಲ್, ಗಾಡ್‌ಫ್ರಾಯ್ ಅಂಥವರಿಗೆ, ಉಳಿಯಲು ಅವಕಾಶ ಸಿಕ್ಕಿತು. ಮಯಾಮಿ ಜನರ ನಡುವೆ ಬಾಳಿದ ಬಿಳಿಯ ಹೆಂಗಸು ಫ್ರಾನ್ಸಿಸ್ ಸ್ಲೋಕಮ್ ಕುಟುಂಬಕ್ಕೆ 1845ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ವಿನಾಯಿತಿ ಕೊಟ್ಟಿತು. ಸಾಮಾನ್ಯ ಮನೆಗಳಿಗೆ ಆ ಭಾಗ್ಯ ಇರಲಿಲ್ಲ. ಸೆಮಿನಾರ್‌ಗೆ 1838 ಮತ್ತು 1840ರ ಎರಡೂ ಒಪ್ಪಂದಗಳ ಮೂಲ ಪಠ್ಯ ಪಕ್ಕಪಕ್ಕ ಇಟ್ಟು ಓದಿ. ಯಾರಿಗೆ ನೆಲ ಸಿಕ್ಕಿತು, ಯಾರ ಕೈಗೆ ಎಷ್ಟು ಹೋಯಿತು ಅಂತ ಕಲಂವಾರು ಬರೆದುಕೊಂಡರೆ ನಿಮ್ಮ ಅರ್ಧ ಕೆಲಸ ಆಯಿತು.