ಅಪ್‌ಡೇಟ್: ತುರಿಕೆ ಹೋಯ್ತು, ಶುಗರ್ ಸಿಕ್ತು

ಮೂರು ವಾರದ ಹಿಂದೆ ಕೇಳಿದ್ದೆ: ಶಿಶ್ನದ ತುದಿ ಕೆಂಪಾಗಿ ತುರಿಸುತ್ತೆ, ಮುಂದೊಗಲಿನ ಒಳಗೆ ಒಡೆದ ಹಾಲಿನ ಹಾಗೆ ಬಿಳಿ ಪದರ, ಮೆಡಿಕಲ್ ಶಾಪಿನ ಕ್ರೀಮ್ ಹಚ್ಚಿದರೂ ಮತ್ತೆ ಬರುತ್ತೆ, ಏನು ಮಾಡಲಿ ಅಂತ. ‘ಸುಮ್ನೆ ಡಾಕ್ಟರ ಹತ್ತಿರ ಹೋಗಿ’ ಎಂದು ಬೈದವರಿಗೆಲ್ಲ ಥ್ಯಾಂಕ್ಸ್.

ಹೋದೆ. ಚೀಟಿ ಮಾಡಿಸುವಾಗ ನಾಚಿಕೆಯಾಗಿ ‘ಚರ್ಮದ ತೊಂದರೆ’ ಅಂತಷ್ಟೇ ಹೇಳಿದೆ. ಡಾಕ್ಟರ್ ನೋಡಿದ್ದು ಅರ್ಧ ನಿಮಿಷ. ಕ್ಯಾಂಡಿಡಾ ಅನ್ನೋ ಯೀಸ್ಟ್, ಅಂದರೆ ಒಂದು ಬಗೆಯ ಫಂಗಸ್, ಗಂಡಸರಿಗೂ ಬರುತ್ತೆ ಅಂದರು. ಆಮೇಲೆ ನನ್ನ ಹಳೇ ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿಸಿದರು: ಕ್ಲೋಬೆಟಸಾಲ್. ಜೋರು ಸ್ಟೀರಾಯ್ಡ್ ಅದು. ಎರಡು ದಿನ ಉರಿ ತಗ್ಗುತ್ತೆ, ಅಷ್ಟರಲ್ಲಿ ಫಂಗಸ್ ಆರಾಮಾಗಿ ಬೆಳೆಯುತ್ತೆ. ನಾನು ದುಡ್ಡು ಕೊಟ್ಟು ಸಾಕಿದ್ದೆ!

ಕೊಟ್ಟಿದ್ದು ಫಂಗಸ್ಸಿಗೇ ಹಚ್ಚುವ ಕ್ಲೋಟ್ರಿಮಜೋಲ್ 1% ಕ್ರೀಮ್, ದಿನಕ್ಕೆ ಎರಡು ಸಲ, 2 ವಾರ. ಜೊತೆಗೆ ಫಂಗಸ್ಸಿಗೇ ನುಂಗುವ ಫ್ಲೂಕೋನಜೋಲ್ 150 ಮಿಲಿಗ್ರಾಂ, ಒಂದೇ ಒಂದು ಮಾತ್ರೆ. ಅಲ್ಲಿಗೆ ಸೋಪು ಬೇಡ, ಬರೀ ನೀರು, ತೊಳೆದ ಮೇಲೆ ಚೆನ್ನಾಗಿ ಒಣಗಬೇಕು. ನಾಲ್ಕನೇ ದಿನಕ್ಕೆ ತುರಿಕೆ ನಿಂತಿತು. ಕ್ರೀಮ್ ಮಾತ್ರ ಎರಡು ವಾರ ಬಿಡಲಿಲ್ಲ. ಹೆಂಡತಿಗೂ ತುರಿಕೆ ಇತ್ತಂತೆ, ಹೇಳಿರಲಿಲ್ಲ. ಅವಳಿಗೂ ಔಷಧಿ ಆಯ್ತು.

ಅಸಲಿ ವಿಷಯ ಬೇರೆಯೇ ಇತ್ತು. ಪದೇಪದೇ ಬರುತ್ತೆ ಅಂದದ್ದಕ್ಕೆ ರಕ್ತ ಪರೀಕ್ಷೆ ಬರೆದರು. ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಪರೀಕ್ಷೆ, 8.2% ಬಂತು. 6.5 ಮುಟ್ಟಿದರೇ ಡಯಾಬಿಟಿಸ್ ಅಂತೆ. ಮೂತ್ರದಲ್ಲಿ ಸಕ್ಕರೆ ಹೋದರೆ ಯೀಸ್ಟಿಗೆ ಹಬ್ಬದೂಟ ಅಲ್ವಾ? ನನಗೆ 38, ಅನುಮಾನವೇ ಇರಲಿಲ್ಲ. ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಶುರುವಾಗಿದೆ. ಇವತ್ತು ಸಂಜೆಯ ಕಾಫಿ ಸಕ್ಕರೆ ಇಲ್ಲದೆ ಕುಡಿದೆ, ಕಷಾಯದ ಹಾಗಿತ್ತು.