ಕಿಲ್ -9 ಕೊಟ್ಟರೂ ಹೋಗದ ಪ್ರೊಸೆಸ್‌ಗಳು: ನಿಮಗೂ ಹೀಗಾಗಿದೆಯಾ?

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಪಿಎಸ್ (ಪ್ರೊಸೆಸ್‌ಗಳ, ಅಂದರೆ ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟರೆ ‘ಡಿಫಂಕ್ಟ್’ ಅಂತ 300ಕ್ಕೂ ಜಾಸ್ತಿ ಸಾಲು ಬರುತ್ತಿವೆ. ಸ್ಥಿತಿ ತೋರಿಸುವ ಕಾಲಮ್‌ನಲ್ಲಿ ‘ಝಡ್’ ಅಂತಿದೆ. ಬಲವಂತವಾಗಿ ನಿಲ್ಲಿಸುವ ಕಿಲ್ -9 ಕೊಟ್ಟೆ, ಒಂದೂ ಅಲುಗಲಿಲ್ಲ. ರೀಬೂಟ್ ಒಂದೇ ದಾರಿನಾ? ಇದನ್ನು ಎದುರಿಸಿದವರು ದಯವಿಟ್ಟು ಹೇಳಿ.

ಉತ್ತರ: ರೀಬೂಟ್ ಬೇಡ, ಸ್ವಲ್ಪ ತಾಳಿ. ಅವು ಆಗಲೇ ಸತ್ತಿವೆ. ಸತ್ತದ್ದನ್ನು ಮತ್ತೆ ಕೊಲ್ಲಲು ಆಗುವುದಿಲ್ಲ ಅಲ್ವಾ, ಅದಕ್ಕೇ -9 ನಡೆಯುತ್ತಿಲ್ಲ.

ಪ್ರೊಸೆಸ್ ಎಕ್ಸಿಟ್ ಆದಾಗ ಕರ್ನಲ್ (ಲಿನಕ್ಸ್‌ನ ತಿರುಳು) ಅದರ ಮೆಮೊರಿಯನ್ನು ವಾಪಸ್ ತೆಗೆದುಕೊಳ್ಳುತ್ತದೆ. ತೆರೆದಿದ್ದ ಫೈಲು, ಸಾಕೆಟ್ಟುಗಳನ್ನು ಮುಚ್ಚುತ್ತದೆ. ಪ್ರೊಸೆಸ್ ಟೇಬಲ್‌ನಲ್ಲಿ ಅದರ ಸಾಲೊಂದನ್ನು ಮಾತ್ರ ಅಳಿಸುವುದಿಲ್ಲ. ಪಿಐಡಿ (ಪ್ರೊಸೆಸ್‌ನ ಸಂಖ್ಯೆ), ಎಕ್ಸಿಟ್ ಕೋಡ್ (ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ), ಬಳಸಿದ ಸಿಪಿಯು ಸಮಯದ ಲೆಕ್ಕ ಅಲ್ಲೇ ಇರುತ್ತವೆ. ಅದನ್ನು ಹುಟ್ಟಿಸಿದ ಪ್ರೊಸೆಸ್, ಅಂದರೆ ಪೇರೆಂಟ್, ಬಂದು ‘ವೇಟ್’ ಕರೆದು ಆ ಲೆಕ್ಕ ಪಡೆಯಬೇಕು. ಆಮೇಲೇ ಸಾಲು ಹೋಗುವುದು. ಪೇರೆಂಟ್ ಕೇಳಲೇ ಇಲ್ಲ ಅಂದರೆ ಅದೇ ಝಾಂಬಿ, ನಿಮಗೆ ಕಂಡ ‘ಝಡ್’.

ಹಾಗಾಗಿ ಪಿಎಸ್‌ಗೆ ಪಿಪಿಐಡಿ (ಪೇರೆಂಟ್‌ನ ಪಿಐಡಿ) ಕಾಲಮ್ ಸೇರಿಸಿ, ಪೇರೆಂಟ್ ಯಾರು ಅಂತ ನೋಡಿ. ತಪ್ಪು ಅಲ್ಲಿರುತ್ತದೆ.

ನನ್ನ ಕೋಡ್‌ನಲ್ಲಿ ಆಗಿದ್ದನ್ನು ಹೇಳುತ್ತೇನೆ, ನಿಮ್ಮದೂ ಅದೇ ಇರಬಹುದು. ಮಗು ಮುಗಿದಾಗ ಬರುವ ಸಿಗ್‌ಚೈಲ್ಡ್ ಸಿಗ್ನಲ್‌ಗೆ (ಕರ್ನಲ್ ಕಳಿಸುವ ಸೂಚನೆ) ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡ್) ಬರೆದಿದ್ದೆ. ಒಳಗೆ ವೇಟ್‌ಪಿಡ್ (ವೇಟ್‌ನದೇ ಇನ್ನೊಂದು ರೂಪ) ಒಂದೇ ಸಲ. ಟೆಸ್ಟ್‌ನಲ್ಲಿ ಎಲ್ಲ ಸರಿ. ಲೋಡ್ ಬಿದ್ದಾಗ ಝಾಂಬಿಗಳು ಒಂದೊಂದಾಗಿ ಗುಡ್ಡೆ ಬಿದ್ದವು. ಎರಡು ರಾತ್ರಿ ಕೂತ ಮೇಲೆ ಗೊತ್ತಾಯಿತು: ಈ ಸಿಗ್ನಲ್‌ಗಳು ಸಾಲುಗಟ್ಟಿ ಕಾಯುವುದಿಲ್ಲ. ಹೆಚ್ಚುಕಮ್ಮಿ ಒಟ್ಟಿಗೇ ಐದು ಮಕ್ಕಳು ಮುಗಿದರೆ ಒಂದೇ ಸಿಗ್ನಲ್ ಬರಬಹುದು. ನಾನು ಒಂದನ್ನು ಎತ್ತಿಕೊಂಡು ನಾಲ್ಕನ್ನು ಬಿಟ್ಟು ಬರುತ್ತಿದ್ದೆ. ವೇಟ್‌ಪಿಡ್ ಅನ್ನು ಡಬ್ಲ್ಯುನೋಹ್ಯಾಂಗ್ (ಕಾಯದೆ ತಕ್ಷಣ ಮರಳು ಅನ್ನುವ ಆಯ್ಕೆ) ಜೊತೆ ಲೂಪ್‌ಗೆ ಹಾಕಿ, ಇನ್ನು ಯಾರೂ ಇಲ್ಲ ಅನ್ನುವವರೆಗೆ ಕರೆದೆ. ಅಲ್ಲಿಗೆ ನಿಂತಿತು.

ಝಾಂಬಿ ಮೆಮೊರಿ ತಿನ್ನುವುದು ತೀರ ಕಡಿಮೆ. ಆದರೆ ಪಿಐಡಿ ಹಿಡಿದುಕೊಂಡಿರುತ್ತದೆ. ಹಲವು ಸಿಸ್ಟಮ್‌ಗಳಲ್ಲಿ ಪಿಐಡಿ ಮಿತಿ 32768. ಅದು ಖಾಲಿಯಾದರೆ ಹೊಸ ಫೋರ್ಕ್, ಅಂದರೆ ಹೊಸ ಪ್ರೊಸೆಸ್ ಹುಟ್ಟಿಸುವುದು, ಆಗುವುದೇ ಇಲ್ಲ. ಸುಮ್ನೆ ಬಿಡಬೇಡಿ.

ಇನ್ನೊಬ್ಬರು: ಕಂಟೇನರ್ (ಡಾಕರ್‌ನಂಥದ್ದು ಪ್ರೋಗ್ರಾಮ್ ಅನ್ನು ಪ್ರತ್ಯೇಕವಾಗಿಟ್ಟು ಓಡಿಸುವ ಜಾಗ) ಒಳಗಾದರೆ ಇದನ್ನೂ ನೋಡಿ. ಮಾಮೂಲಿ ಸಿಸ್ಟಮ್‌ನಲ್ಲಿ ಪೇರೆಂಟ್ ಸತ್ತರೆ ಅದರ ಮಕ್ಕಳನ್ನು ಸಾಮಾನ್ಯವಾಗಿ ಪಿಐಡಿ 1 (ಮೊಟ್ಟಮೊದಲು ಶುರುವಾಗುವ ಪ್ರೊಸೆಸ್) ದತ್ತು ತೆಗೆದುಕೊಳ್ಳುತ್ತದೆ, ಸತ್ತವರ ಲೆಕ್ಕ ಮುಗಿಸುತ್ತದೆ. ಕಂಟೇನರ್‌ನಲ್ಲಿ ಆ ಪಿಐಡಿ 1 ನಮ್ಮದೇ ಪ್ರೋಗ್ರಾಮ್. ಅನಾಥ ಮಕ್ಕಳು ಬರುತ್ತವೆ ಅಂತ ಅದನ್ನು ಬರೆದವರು ಯೋಚಿಸಿಯೇ ಇರುವುದಿಲ್ಲ. ನಮ್ಮದಕ್ಕೆ ಸಿಗ್‌ಟರ್ಮ್ (ನಿಲ್ಲು ಅಂತ ಕೇಳುವ ಸಿಗ್ನಲ್) ಹ್ಯಾಂಡ್ಲರ್ ಕೂಡ ಇರಲಿಲ್ಲ. ಪಿಐಡಿ 1ಕ್ಕೆ ಹ್ಯಾಂಡ್ಲರ್ ಇಲ್ಲದಿದ್ದರೆ ಸಿಗ್‌ಟರ್ಮ್ ತಾಕುವುದೇ ಇಲ್ಲ. ಡಾಕರ್ ಸ್ಟಾಪ್ ಕೊಟ್ಟಾಗಲೆಲ್ಲ 10 ಸೆಕೆಂಡ್ ಕಾದು, ಆಮೇಲೆ ಸಿಗ್‌ಕಿಲ್, ಅಂದರೆ ಕಿಲ್ -9 ಕಳಿಸುವ ಸಿಗ್ನಲ್. ಎಕ್ಸಿಟ್ ಕೋಡ್ 137, ಅಂದರೆ 128 ಕೂಡಿಸು 9. ಡಾಕರ್ ರನ್‌ಗೆ ‘--ಇನಿಟ್’ (ಪಿಐಡಿ 1 ಆಗಿ ಒಂದು ಪುಟ್ಟ ಇನಿಟ್ ಪ್ರೋಗ್ರಾಮ್ ಇಡುವ ಆಯ್ಕೆ) ಸೇರಿಸಿದೆವು, ಎರಡೂ ತೊಂದರೆ ಹೋದವು.

ಮತ್ತೊಬ್ಬರು: ಒಂದು ಕೋರಿಕೆ. ಮೊದಲಿಗೇ -9 ಕೊಡುವ ಅಭ್ಯಾಸ ಬಿಡಿ. ಸಿಗ್‌ಕಿಲ್ ಅನ್ನು ಪ್ರೋಗ್ರಾಮ್ ಹಿಡಿಯಲು ಆಗುವುದಿಲ್ಲ, ಹಾಗಾಗಿ ತನ್ನ ಮನೆ ಗುಡಿಸಿ ಹೋಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ನಾನು ಹೀಗೆ ಮಾಡಿ ಲಾಗ್‌ನ ಕೊನೆಯ ಸಾಲುಗಳನ್ನು ಕಳೆದುಕೊಂಡೆ. ಅವು ಪ್ರೋಗ್ರಾಮ್‌ನ ಬಫರ್‌ನಲ್ಲೇ ಇದ್ದವು, ಕರ್ನಲ್ ಕೈಗೆ ಇನ್ನೂ ಬಂದಿರಲಿಲ್ಲ. ತಪ್ಪು ಎಲ್ಲಿ ಆಯಿತು ಅಂತ ಹೇಳುವ ಸಾಲೇ ಅದು! ಲಾಕ್ ಫೈಲ್ ಕೂಡ ಹಾಗೇ ಉಳಿದಿತ್ತು, ಮತ್ತೆ ಶುರು ಮಾಡಿದರೆ ‘ಆಗಲೇ ಓಡುತ್ತಿದೆ’ ಅಂದಿತು. ಮೊದಲು ಸಿಗ್‌ಟರ್ಮ್ ಕೊಟ್ಟು ಕೆಲವು ಸೆಕೆಂಡ್ ಕಾಯಿರಿ. ಇನ್ನು ಸ್ಥಿತಿ ‘ಡಿ’ ಅಂತಿದ್ದರೆ ಕಥೆಯೇ ಬೇರೆ, ಅದು ಸಾಮಾನ್ಯವಾಗಿ ಡಿಸ್ಕ್ ಅಥವಾ ನೆಟ್‌ವರ್ಕ್ ಫೈಲ್ ಸಿಸ್ಟಮ್‌ಗೆ ಕಾಯುತ್ತಾ ಸಿಕ್ಕಿಕೊಂಡಿರುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. 300 ಸಾಲಿಗೂ ಪಿಪಿಐಡಿ ಒಂದೇ, ನಾವೇ ಬರೆದ ಜಾಬ್ ಓಡಿಸುವ ಪ್ರೋಗ್ರಾಮ್. ತೆರೆದು ನೋಡಿದರೆ ಹ್ಯಾಂಡ್ಲರ್‌ನಲ್ಲಿ ‘ಇಫ್’ ಇತ್ತು (ಒಂದೇ ಸಲ), ‘ವೈಲ್’ (ಲೂಪ್) ಮಾಡಿದೆ. ಸಿಗ್‌ಟರ್ಮ್ ಕೊಟ್ಟೇ ಅದನ್ನು ನಿಲ್ಲಿಸಿದೆ. ನಿಂತ ಮರುಕ್ಷಣ ಪಿಎಸ್ ಕೊಟ್ಟರೆ ಅಷ್ಟೂ ಸಾಲು ಮಾಯ. ಹೊಸದನ್ನು ಓಡಿಸಿ ಆರು ಗಂಟೆ ಆಯಿತು, ಝಡ್ ಒಂದೂ ಕಂಡಿಲ್ಲ.