‘ನರಾವತಾರ’, ‘ದೇಹಧಾರಣೆ’, ‘ಮನುಷ್ಯನಾದನು’: ಯಾವುದನ್ನು ಬಳಸೋಣ?

ಗೆಳೆಯರೇ,

ಕ್ರೈಸ್ತ ನಂಬಿಕೆಯನ್ನು ಕ್ರೈಸ್ತರಲ್ಲದ ಓದುಗರಿಗೆ ಪರಿಚಯಿಸುವ ಬರಹವೊಂದನ್ನು ತಿದ್ದುತ್ತಿದ್ದೇನೆ. ದೇವರು ಮನುಷ್ಯನಾಗಿ ಹುಟ್ಟಿದ ಅನ್ನುವ ಮಾತು ಬಂದಲ್ಲೆಲ್ಲ ಲೇಖಕರು ಬೇರೆ ಬೇರೆ ಪದ ಹಾಕಿದ್ದಾರೆ. ಒಂದು ಕಡೆ ‘ನರಾವತಾರ’, ಇನ್ನೊಂದು ಕಡೆ ‘ದೇಹಧಾರಣೆ’, ಮತ್ತೊಂದು ಕಡೆ ‘ಮನುಷ್ಯಾವತಾರ’. ಎಲ್ಲ ಕಡೆ ಒಂದೇ ಪದ ಇಡೋಣ ಅಂತ ಹೊರಟೆ. ಯಾವುದೂ ಪೂರ್ತಿ ಒಗ್ಗುತ್ತಿಲ್ಲ. ನಾವು ನಾಮಪದ ಹುಡುಕುವ ಭರದಲ್ಲಿ ಕ್ರಿಯಾಪದವನ್ನು ಮರೆತಿದ್ದೇವೇನೋ ಅನ್ನುವುದು ನನ್ನ ಅನುಮಾನ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ತಿಳಿದವರು ಮುಂದುವರಿಸಿ.

ಈ ಚರ್ಚೆಗೆ ಬುಡ ಯೋಹಾನನ ಸುವಾರ್ತೆಯ 1ನೇ ಅಧ್ಯಾಯದ 14ನೇ ವಚನ. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಬೈಬಲಿನಲ್ಲಿ ಅಲ್ಲಿ ‘ವಾಕ್ಯವೆಂಬವನು ನರಾವತಾರ ಎತ್ತಿ’ ಅಂತ ಇದೆ. (‘ವಾಕ್ಯ’ ಅಂದರೆ ದೇವರ ಮಾತು; ಯೋಹಾನ ಯೇಸುವನ್ನೇ ಹಾಗೆ ಕರೆಯುತ್ತಾನೆ.) ಗ್ರೀಕ್ ಮೂಲದಲ್ಲಿ ಇರುವುದು ‘ಸಾರ್ಕ್ಸ್ ಎಗೆನೆತೊ’. ‘ಸಾರ್ಕ್ಸ್’ ಅಂದರೆ ಮಾಂಸ, ‘ಎಗೆನೆತೊ’ ಅಂದರೆ ಆಯಿತು. ವಾಕ್ಯವು ಮಾಂಸ ಆಯಿತು, ಅಷ್ಟೇ. ಬಹಳ ಒರಟಾದ ಮಾತು. ಮನುಷ್ಯ ಅಂತಲೂ ಇಲ್ಲ, ದೇಹ ಅಂತಲೂ ಇಲ್ಲ. ಹುಟ್ಟಿ, ಬಳಲಿ, ಸಾಯುವ ಮಾಂಸ.

ಅಕ್ಕಪಕ್ಕದ ಭಾಷೆಗಳವರು ಏನು ಮಾಡಿದ್ದಾರೆ ಅಂತ ನೋಡಿದರೆ ಮಜಾ ಇದೆ. ತಮಿಳಿನ ಹಳೆಯ ಅನುವಾದದಲ್ಲಿ ‘ಮಾಂಸಮಾಗಿ’ ಅಂತ ನೇರವಾಗಿ ಇಟ್ಟಿದ್ದಾರೆ. ತೆಲುಗಿನಲ್ಲಿ ‘ಶರೀರಧಾರಿಯೈ’. ಹಿಂದಿಯಲ್ಲಿ ‘ದೇಹಧಾರೀ ಹುಆ’. ಮಲಯಾಳದಲ್ಲಿ ‘ಜಡಮಾಯಿ ತೀರ್ನು’. ನಮಗೆ ಜಡ ಅಂದರೆ ಅಲುಗಾಡದ್ದು, ಜೀವ ಇಲ್ಲದ್ದು. ಅವರಿಗೆ ಅದು ಮೈ. ಈ ಐದರಲ್ಲಿ ‘ಅವತಾರ’ವನ್ನು ಈ ವಚನದೊಳಗೇ ಕರೆತಂದದ್ದು ಕನ್ನಡ. ಓದುಗನಿಗೆ ತಟ್ಟನೆ ಹತ್ತಿರವಾಗುವ ಪದ ಅದು. ಆದರೆ ಅದು ಒಂಟಿಯಾಗಿ ಬರುವುದಿಲ್ಲ, ತನ್ನ ಅರ್ಥಗಳ ದೊಡ್ಡ ಬಳಗವನ್ನೇ ಕಟ್ಟಿಕೊಂಡು ಬರುತ್ತದೆ.

ಅವತಾರ ಅಂದರೆ ಇಳಿದು ಬರುವುದು. ‘ಅವ’ ಅಂದರೆ ಕೆಳಕ್ಕೆ, ‘ತೃ’ ಅಂದರೆ ದಾಟು. (‘ಸಂಭವಾಮಿ ಯುಗೇ ಯುಗೇ’ ಎನ್ನುವ ಗೀತೆಯಲ್ಲಿ ಈ ಪದವೇ ಇಲ್ಲ ಅನ್ನುವುದು ಎಷ್ಟೋ ಜನರಿಗೆ ಆಶ್ಚರ್ಯ.) ಇಳಿದು ಬರುವ ಭಾವ ಕ್ರೈಸ್ತರಿಗೆ ಹೊರಗಿನದೇನೂ ಅಲ್ಲ. ಕ್ರಿ.ಶ. 325ರಲ್ಲಿ ನೈಸಿಯಾ ಸಭೆ, ಅಂದರೆ ಬಿಷಪರ ಸಮಾವೇಶ, ಒಪ್ಪಿದ ವಿಶ್ವಾಸಪ್ರಮಾಣದಲ್ಲಿ (ನಂಬಿಕೆಯ ಸಾರ ಹೇಳುವ ಹೇಳಿಕೆಯಲ್ಲಿ) ಈ ವಿಷಯಕ್ಕೆ ಸಾಲಾಗಿ ಮೂರು ಕ್ರಿಯಾಪದಗಳಿವೆ: ಇಳಿದು ಬಂದನು, ಮಾಂಸವಾದನು, ಮನುಷ್ಯನಾದನು. ಗ್ರೀಕಿನಲ್ಲಿ ಮೂರೂ ಬೇರೆ ಬೇರೆ ಪದ. ‘ಅವತಾರ’ ಇವುಗಳಲ್ಲಿ ಮೊದಲನೆಯದನ್ನು ಚೆನ್ನಾಗಿ ಹೇಳುತ್ತದೆ. ನಾವು ಉಳಿದೆರಡರ ಕೆಲಸವನ್ನೂ ಅದರ ತಲೆಗೇ ಕಟ್ಟಿದ್ದೇವೆ.

ಅವತಾರಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂದರೆ ಸಾಮಾನ್ಯವಾಗಿ ಬರುವ ಉತ್ತರ, ಅವತಾರ ಹಲವು, ಇದು ಒಂದೇ ಸಲ ಅಂತ. ಅದು ನಿಜವೇ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ (ಅಂದರೆ ಕಾಗದ) ಕ್ರಿಸ್ತನು ‘ಒಂದೇ ಸಾರಿ’ ಬಂದು ತನ್ನನ್ನು ಅರ್ಪಿಸಿಕೊಂಡ ಅಂತ ಒತ್ತಿ ಹೇಳುತ್ತದೆ. ಆದರೆ ನನಗೆ ಮುಖ್ಯ ಅನಿಸುವ ವ್ಯತ್ಯಾಸ ಲೆಕ್ಕದ್ದಲ್ಲ, ಮೈಯದ್ದು. ರಾಮಾನುಜರ ಮತ್ತು ಮಧ್ವರ ಪರಂಪರೆಗಳಲ್ಲಿ ಅವತಾರದ ಮೈ ನಮ್ಮ ನಿಮ್ಮಂಥ ಪ್ರಾಕೃತ ಮೈ ಅಲ್ಲ. ಅಲ್ಲಿ ಅದು ಕೊರತೆಯಲ್ಲ, ಹೆಚ್ಚುಗಾರಿಕೆ. ಕ್ರೈಸ್ತರು ಹಿಡಿದಿರುವುದು ಸರಿಯಾಗಿ ಇದಕ್ಕೆ ಎದುರಿನ ತುದಿಯನ್ನು. ಅದು ನಮ್ಮದೇ ಮೈ ಆಗಿರಬೇಕು, ಇಲ್ಲದಿದ್ದರೆ ಇಡೀ ಮಾತೇ ಬಿದ್ದುಹೋಗುತ್ತದೆ ಅನ್ನುವುದು ಅವರ ವಾದ. ಯೇಸು ದಣಿದು ಬಾವಿಯ ಹತ್ತಿರ ಕೂತ. ದೋಣಿಯಲ್ಲಿ ನಿದ್ದೆ ಹೋದ. ಗೆಳೆಯ ಲಾಜರ ಸತ್ತಾಗ ಅತ್ತ. ಶಿಲುಬೆಯ ಮೇಲೆ ನೀರಡಿಕೆ ಅಂದ. ಸುವಾರ್ತೆ ಬರೆದ ಲೂಕನಂತೂ ಯೇಸು ಜ್ಞಾನದಲ್ಲೂ ಎತ್ತರದಲ್ಲೂ ಬೆಳೆಯುತ್ತ ಬಂದ ಅಂತ ಬರೆಯುತ್ತಾನೆ. ಜ್ಞಾನದಲ್ಲಿ ಬೆಳೆಯುವ ದೇವರು!

ಇನ್ನು ‘ಎತ್ತು’ ಅನ್ನುವ ಕ್ರಿಯಾಪದ. ಅವತಾರ ಎತ್ತುವುದು, ಅವತಾರ ತಾಳುವುದು. ಎತ್ತಿದ್ದನ್ನು ಇಳಿಸಬಹುದು, ತಾಳಿದ್ದನ್ನು ಬಿಡಬಹುದು. ‘ಅವತಾರ ಮುಗಿಸಿದ’ ಅಂತ ನಾವು ಸಲೀಸಾಗಿ ಹೇಳುತ್ತೇವೆ. ಮಾತಿನಲ್ಲಿ ಇದು ಇನ್ನೂ ಸಡಿಲ. ತಲೆ ಕೆದರಿಕೊಂಡು ಬಂದವನಿಗೆ ‘ಏನೋ ಇದು ನಿನ್ನ ಅವತಾರ?’ ಅಂತೀವಿ, ಅಲ್ವಾ? ಅಲ್ಲಿ ಅವತಾರ ಅಂದರೆ ಸುಮ್ನೆ ವೇಷ. ಆದರೆ ಕ್ರೈಸ್ತ ನಂಬಿಕೆಯಲ್ಲಿ ಯೇಸು ಮನುಷ್ಯತ್ವವನ್ನು ಕಳಚಿ ಇಡುವುದೇ ಇಲ್ಲ. ಸತ್ತು ಎದ್ದ ಮೇಲೂ ಮೈಯಲ್ಲಿ ಗಾಯದ ಗುರುತು ಇದೆ, ಶಿಷ್ಯ ತೋಮನಿಗೆ ಮುಟ್ಟಿ ನೋಡು ಅನ್ನುತ್ತಾನೆ. ಶಿಷ್ಯರ ಎದುರಿಗೆ ಸುಟ್ಟ ಮೀನು ತಿನ್ನುತ್ತಾನೆ. ಪರಲೋಕಕ್ಕೆ ಏರಿಹೋಗುವುದೂ ಅದೇ ಮೈಯಲ್ಲಿ. ಅಂದರೆ ಇದು ಶುರುವಾಗಿದೆ, ಮುಗಿಯುವುದಿಲ್ಲ. ‘ಎತ್ತಿ’ ಅನ್ನುವ ಪದಕ್ಕೆ ಈ ಭಾರ ಹೊರುವ ಶಕ್ತಿ ಇಲ್ಲ.

‘ದೇಹಧಾರಣೆ’ಗೂ ಹೆಚ್ಚುಕಡಿಮೆ ಇದೇ ಕಾಯಿಲೆ. ನಾವು ಧರಿಸುವುದು ಬಟ್ಟೆಯನ್ನು, ಒಡವೆಯನ್ನು, ವೇಷವನ್ನು. ಧರಿಸಿದವನು ಬೇರೆ, ಧರಿಸಿದ ವಸ್ತು ಬೇರೆ. ಈ ಪದದಲ್ಲಿ ದೇಹ ಮಾತ್ರ ಇದೆ, ಮನಸ್ಸು ಇಲ್ಲ ಅನ್ನುವುದು ಇನ್ನೊಂದು ತೊಡಕು. ಇದು ಕೂದಲು ಸೀಳುವ ಮಾತಲ್ಲ. 4ನೇ ಶತಮಾನದಲ್ಲಿ ಲವೊದಿಕೀಯದ ಬಿಷಪ್ ಅಪೊಲಿನಾರಿಸ್ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ: ಯೇಸುವಿನಲ್ಲಿ ಮೈ ಮನುಷ್ಯನದು, ಆದರೆ ಮನುಷ್ಯನ ಬುದ್ಧಿ ಇರಬೇಕಾದ ಜಾಗದಲ್ಲಿ ದೇವರ ವಾಕ್ಯವೇ ಇತ್ತು ಅಂತ. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ತಳ್ಳಿಹಾಕಿತು. ಅದೇ ಕಾಲದ ಬಿಷಪ್ ನಾಜಿಯಾಂಜಸ್‌ನ ಗ್ರೆಗರಿ ಅಪೊಲಿನಾರಿಸ್‌ಗೆ ಕೊಟ್ಟ ಉತ್ತರದ ತಿರುಳು ಹೀಗೆ: ಕ್ರಿಸ್ತನು ಯಾವುದನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ. ನಮ್ಮ ಮನಸ್ಸೂ ಕೆಟ್ಟಿದೆಯಲ್ಲ, ಹಾಗಾಗಿ ಮನಸ್ಸನ್ನೂ ತೆಗೆದುಕೊಂಡೇ ಇರಬೇಕು. ‘ದೇಹಧಾರಣೆ’ ಅಂತ ಬರೆದಾಗ ಅಪೊಲಿನಾರಿಸ್‌ಗೆ ಖುಷಿಯಾಗುತ್ತದೇನೋ ಅನ್ನುವ ಅಳುಕು ನನ್ನದು.

ಇದಕ್ಕೂ ಹಳೆಯದು ‘ತೋರಿಕೆ’ಯ ವಾದ. ದೇವರಿಗೆ ಮೈ ಎಲ್ಲಿಂದ, ಸುಮ್ನೆ ಮನುಷ್ಯನ ಹಾಗೆ ಕಾಣಿಸಿಕೊಂಡ ಅಂತ ಹೇಳುವವರು ಮೊದಲ ಶತಮಾನಗಳಲ್ಲೇ ಇದ್ದರು. ಗ್ರೀಕಿನ ‘ದೊಕೇನ್’, ಅಂದರೆ ತೋರು ಅನ್ನುವ ಪದದಿಂದಲೇ ಅವರಿಗೆ ಹೆಸರು ಬಂತು. ಯೋಹಾನನ ಮೊದಲ ಪತ್ರಿಕೆ ಯೇಸು ಕ್ರಿಸ್ತನು ಮಾಂಸದಲ್ಲಿ ಬಂದನೆಂದು ಒಪ್ಪುವುದನ್ನೇ ಒರೆಗಲ್ಲು ಮಾಡಿದೆ. ಹಾಗಾಗಿ ಬರಹದಲ್ಲಿ ‘ಮನುಷ್ಯರೂಪದಲ್ಲಿ ಕಾಣಿಸಿಕೊಂಡ’ ಅಂತ ಇದ್ದ ಕಡೆಯೆಲ್ಲ ಗೀಟು ಹಾಕಿದ್ದೇನೆ. ಕನ್ನಡದಲ್ಲಿ ಓದಲು ಚೆನ್ನಾಗಿದೆ. ವಿಷಯಕ್ಕೆ ಮಾತ್ರ ಪೂರ್ತಿ ಉಲ್ಟಾ.

ಇನ್ನೊಂದು ಅಂಚೂ ಇದೆ. ನಮ್ಮಲ್ಲಿ ‘ಮೈಮೇಲೆ ದೇವರು ಬಂತು’ ಅನ್ನುವ ಮಾತಿದೆ. ಅಲ್ಲಿ ಮನುಷ್ಯ ಮೊದಲೇ ಇದ್ದಾನೆ, ದೇವರು ಆಮೇಲೆ ಬರುತ್ತದೆ, ಹೋಗುತ್ತದೆ. ‘ಯೇಸುವಿನಲ್ಲಿ ದೇವರು ನೆಲೆಸಿದ’ ಅಂತ ಅಜಾಗರೂಕತೆಯಿಂದ ಬರೆದರೆ ಈ ಕಡೆಗೆ ಜಾರುತ್ತೇವೆ. ಮೊದಲೇ ಇದ್ದ ಒಬ್ಬ ಒಳ್ಳೆಯ ಮನುಷ್ಯನನ್ನು ದೇವರು ಆರಿಸಿಕೊಂಡ ಅನ್ನುವ ಬೋಧನೆಯನ್ನೂ ಚರ್ಚು ಒಪ್ಪಿಲ್ಲ. ಬಸಿರಿನಿಂದಲೇ ಅವನು ದೇವರು. 431ರಲ್ಲಿ ಎಫೆಸದ ಸಭೆ ಮರಿಯಳನ್ನು ದೇವಮಾತೆ ಅಂತ ಕರೆಯಲೇಬೇಕು ಅಂತ ಹಟ ಹಿಡಿದದ್ದು ಇದಕ್ಕೇ. ‘ಕ್ರಿಸ್ತನ ತಾಯಿ’ ಅಂದರೆ ಸಾಕು ಅನ್ನುವುದು ಕಾನ್‌ಸ್ಟಾಂಟಿನೋಪಲಿನ ಬಿಷಪ್ ನೆಸ್ತೋರಿಯಸ್‌ನ ಒಲವಾಗಿತ್ತು. ಆ ಜಗಳ ಮೇಲ್ನೋಟಕ್ಕೆ ಮರಿಯಳ ಬಿರುದಿನದು, ಒಳಗೆ ಮಗುವಿನದು.

ಹೀಗೆ ಎಲ್ಲ ದಾರಿ ಮುಚ್ಚಿದ ಮೇಲೆ ಉಳಿಯುವುದು ‘ಆಗು’. ಮನುಷ್ಯನಾದನು. ಮೂಲಕ್ಕೆ ಹತ್ತಿರ, ಹಳ್ಳಿಯವರಿಗೂ ತಿಳಿಯುತ್ತದೆ, ವೇಷದ ವಾಸನೆ ಇಲ್ಲ. ಇತ್ತೀಚಿನ ಅನುವಾದಗಳಲ್ಲೂ ಇದರ ಕಡೆಗೆ ಒಲವು ಕಾಣುತ್ತದೆ. ಆದರೆ ‘ಆಗು’ ಕೂಡ ಸಾಧು ಪ್ರಾಣಿ ಏನಲ್ಲ. ಹಾಲು ಮೊಸರಾಯಿತು ಅಂದರೆ ಹಾಲು ಇನ್ನಿಲ್ಲ. ಮಗಳು ತಾಯಿಯಾದಳು ಅಂದರೆ ಮಗಳಾಗಿಯೂ ಇದ್ದಾಳೆ. ಕನ್ನಡದ ಒಂದೇ ‘ಆಗು’ ಎರಡನ್ನೂ ಹೇಳುತ್ತದೆ. ದೇವರು ಮನುಷ್ಯನಾದ ಅಂದಾಗ ಓದುಗ ಯಾವುದನ್ನು ಹಿಡಿಯುತ್ತಾನೆ? 451ರ ಖಾಲ್ಕೆದೋನ್ ಸಭೆ ಇದೇ ಗುಂಡಿಗೆ ಬೇಲಿ ಹಾಕಿದ್ದು. ಒಬ್ಬನೇ ಕ್ರಿಸ್ತ, ಎರಡು ಸ್ವಭಾವ: ಬೆರೆತುಹೋಗದೆ, ಮಾರ್ಪಡದೆ, ಹೋಳಾಗದೆ, ಅಗಲದೆ. ನಾಲ್ಕೂ ಇಲ್ಲ ಇಲ್ಲ ಅನ್ನುವ ಮಾತೇ, ಹೇಗೆ ಅಂತ ಮಾತ್ರ ಹೇಳುವುದಿಲ್ಲ. (ಕನ್ನಡದ ‘ಅದೆ’ ಪ್ರತ್ಯಯ ಇದಕ್ಕೆ ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ!) ಕಾಪ್ಟಿಕ್, ಅರ್ಮೇನಿಯನ್, ಸುರಿಯಾನಿ ಚರ್ಚುಗಳು ‘ಎರಡು ಸ್ವಭಾವ’ ಅನ್ನುವ ಮಾತನ್ನು ಒಪ್ಪಲಿಲ್ಲ, ಆದರೂ ಕ್ರಿಸ್ತನು ಪೂರ್ತಿ ದೇವರು, ಪೂರ್ತಿ ಮನುಷ್ಯ ಅನ್ನುವುದರಲ್ಲಿ ಅವರಿಗೂ ಅನುಮಾನವಿಲ್ಲ.

ಲಿಂಗದ ವಿಷಯವನ್ನೂ ಸೇರಿಸುತ್ತೇನೆ, ಇದು ವ್ಯಾಕರಣ ಪ್ರಿಯರಿಗೆ. ಗ್ರೀಕಿನ ‘ಲೋಗೊಸ್’ ವ್ಯಾಕರಣದಲ್ಲೇ ಪುಲ್ಲಿಂಗ. ಕನ್ನಡದ ‘ವಾಕ್ಯ’ ನಪುಂಸಕ. ಹಾಗಾಗಿ ನಮ್ಮಲ್ಲಿ ‘ಆದಿಯಲ್ಲಿ ವಾಕ್ಯವಿತ್ತು’ ಅಂತ ಶುರುವಾಗುತ್ತದೆ, ಮುಂದೆ ಹೋದಂತೆ ಅದು ‘ವಾಕ್ಯವೆಂಬವನು’ ಆಗಿಬಿಡುತ್ತದೆ. ‘ಇತ್ತು’ವಿನಿಂದ ‘ಅವನು’ ಕಡೆಗಿನ ಈ ಜಿಗಿತ ಮೂಲದಲ್ಲಿ ಇಲ್ಲ, ಕನ್ನಡ ವ್ಯಾಕರಣ ಬಲವಂತವಾಗಿ ಮಾಡಿಸಿದ್ದು. ‘ಎಂಬ’ ಅನ್ನುವ ಆ ಚಿಕ್ಕ ಪದ ಅಲ್ಲಿ ಸೇತುವೆ. ಅನುವಾದಕರ ಜಾಣತನಕ್ಕೆ ನನ್ನದೊಂದು ನಮಸ್ಕಾರ. ಕಥೋಲಿಕರ ಬಳಕೆಯಲ್ಲಿ ‘ದಿವ್ಯವಾಣಿ’ ಇದೆ, ಜೊತೆಗೆ ‘ಅವರು’ ಅನ್ನುವ ಬಹುವಚನ. ‘ಯೇಸುಸ್ವಾಮಿ ಅತ್ತರು’ ಅಂದಾಗ ಗೌರವ ಬಂತು. ‘ಯೇಸು ಅತ್ತನು’ ಅನ್ನುವಾಗಿನ ನಮ್ಮವನೇ ಅನ್ನುವ ಭಾವ ಸ್ವಲ್ಪ ಹಿಂದೆ ಸರಿಯಿತು. ಇದು ರುಚಿಯ ಮಾತು, ತಕರಾರಿಲ್ಲ.

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು. ವಾಕ್ಯಗಳಲ್ಲಿ ‘ಮನುಷ್ಯನಾದನು’ ಅಥವಾ ‘ಮನುಷ್ಯನಾಗಿ ಹುಟ್ಟಿದನು’. ಮೊದಲ ಸಲ ಬಂದಾಗ ‘ದೇವರಾಗಿಯೇ ಉಳಿದು ಮನುಷ್ಯನಾದನು’ ಅಂತ ಬಿಡಿಸಿ ಬರೆದದ್ದು. ಬೈಬಲ್ ವಚನ ಉದ್ಧರಿಸುವ ಕಡೆ ‘ನರಾವತಾರ’ ಇದ್ದ ಹಾಗೆಯೇ. ತಲೆಬರಹಕ್ಕೆ ನಾಮಪದ ಬೇಕೇಬೇಕು, ಅಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ‘ಮನುಷ್ಯನಾಗುವಿಕೆ’ ನಾಲಿಗೆಗೆ ಕಷ್ಟ. ‘ಮನುಷ್ಯನಾದದ್ದು’ ನನಗೆ ಇಷ್ಟ, ಆದರೆ ಲೇಖಕರು ಅದು ಪದವೇ ಅಲ್ಲ ಅನ್ನುತ್ತಾರೆ. ಇದಕ್ಕಿಂತ ಚೆನ್ನಾದದ್ದು ಯಾರಾದರೂ ಕೇಳಿದ್ದೀರಾ? ಪ್ರಾರ್ಥನೆಯಲ್ಲೋ ಹಾಡಿನಲ್ಲೋ ಬಾಯಿಗೆ ಬಂದು ಕೂತಿರುವ ಪದ ಇದ್ದರೆ ಇನ್ನೂ ಒಳ್ಳೆಯದು.

ಜೊತೆಗೆ ಒಂದು ಉಪಪ್ರಶ್ನೆ. ಫಿಲಿಪ್ಪಿಯರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಕ್ರಿಸ್ತನು ‘ದೇವಸ್ವರೂಪ’ನಾಗಿದ್ದರೂ ತನ್ನನ್ನು ಬರಿದು ಮಾಡಿಕೊಂಡು ‘ದಾಸನ ರೂಪ’ ಧರಿಸಿಕೊಂಡ ಅಂತ ಬರುತ್ತದೆ. ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಪದ, ‘ಮೊರ್ಫೆ’. ಕನ್ನಡದಲ್ಲಿ ಒಂದು ಸ್ವರೂಪ, ಇನ್ನೊಂದು ರೂಪ. ಸ್ವರೂಪ ಅಂದರೆ ಒಳಗಿನದು, ರೂಪ ಅಂದರೆ ಹೊರಗಿನದು ಅಂತ ಓದುಗ ತಿಳಿದರೆ ದಾಸತನ ಬರೀ ತೋರಿಕೆ ಆಗಿಬಿಡುತ್ತದೆ. ಎರಡೂ ಕಡೆ ‘ಸ್ವರೂಪ’ ಅಂತಲೇ ಇಟ್ಟರೆ ಕನ್ನಡ ಕಿವಿಗೆ ಒರಟಾಗುತ್ತದಾ?